ಕಾಲು ಕಿಲೋ ಕಾಫಿ

ಅರವತ್ತೆರಡನೇ ವಯಸ್ಸಿಗೆ, ಮೂರನೇ ಸಲದ ಪರೀಕ್ಷೆಗೆ,
ಲೈಸೆನ್ಸು ಸಿಕ್ಕಿತು ನನಗೆ.
ಗಂಡನ ಹಳೇ ರೆನೋ. ಬಾಗಿಲು ಎತ್ತಿ ಹಾಕಬೇಕು,
ಎರಡನೇ ಗೇರನ್ನು ಪುಸಲಾಯಿಸಬೇಕು.
ಪಕ್ಕದ ಸೀಟಲ್ಲಿ ಅತ್ತೆ ಫೆಲಿಸ್ಮಿನಾ, ಎಂಬತ್ತೇಳು,
ಮಡಿಲಲ್ಲಿ ಕೈಚೀಲ ಅವುಚಿಕೊಂಡು.
ಏನಿದೆ ಅದರಲ್ಲಿ ಅಂದೆ.
ರಸ್ತೆ ನೋಡು ಅಂದಳು.

ಮೊದಲ ಕೋಟೆಯ ಬೀಗದ ಕೈ ಊರಿನ ಕಾಫಿ ಅಂಗಡಿಯಲ್ಲಿ.
ಅಂಗಡಿಗೇ ಬೀಗ.
ಹೆಬ್ಬಾಗಿಲ ಕಿಂಡಿಗೆ ಕಣ್ಣಿಟ್ಟರೆ
ಒಂದು ಅಂಜೂರದ ಗಿಡ, ಗಾಳಿ ಹೋದ ಒಂದು ಚೆಂಡು.
ಅಷ್ಟಕ್ಕೆ ಇಷ್ಟು ದಪ್ಪದ ಗೋಡೆ!

ಆಮೇಲೆ ಕಾರ್ಕ್ ಮರಗಳು, ಮೈಲಿಗಟ್ಟಲೆ.
ಸೊಂಟದವರೆಗೆ ತೊಗಟೆ ಸುಲಿಸಿಕೊಂಡು
ಕೆಂಪಗೆ ನಿಂತಿವೆ ಬಿಸಿಲಲ್ಲಿ,
ಮೈಮೇಲೆ ಸುಣ್ಣದ ಬಿಳುಪಲ್ಲಿ ಒಂದೊಂದು ಅಂಕಿ:
ಸುಲಿದ ವರ್ಷ. ಇನ್ನು ಒಂಬತ್ತು ವರ್ಷ
ಯಾರೂ ಮುಟ್ಟುವಂತಿಲ್ಲ.
ನನಗೂ ಯಾರಾದರೂ ಹಾಗೆ ಬರೆದಿದ್ದರೆ, ಅಂದಳು ಅತ್ತೆ,
ಆರು ಹೆತ್ತವಳು.

ದಾರಿ ತಪ್ಪಿತು. ಕಲ್ಲಂಗಡಿ ರಾಶಿಯ ಹಿಂದಿನಿಂದ
ಅದೆರಿತು ಎಂಬ ಮುದುಕ ಎದ್ದು ಬಂದ.
ಸತ್ತುಹೋದ ಜಾಸಿಂತುವಿನ ಮನೆ ದಾಟಿ,
ಬಿದ್ದುಹೋದ ಎಣ್ಣೆಗಾಣದ ಹತ್ತಿರ ಎಡಕ್ಕೆ ತಿರುಗಿ,
ಬತ್ತಿಹೋದ ಕೆರೆಯ ಏರಿ ಹಿಡಿಯಿರಿ, ಅಂದ.
ಒಂದೂ ಇಲ್ಲದ ಮೂರು ಗುರುತು.
ಆಶ್ಚರ್ಯ, ದಾರಿ ಸಿಕ್ಕಿತು.
ಕಲ್ಲಂಗಡಿಗೆ ದುಡ್ಡು ಮಾತ್ರ ಜಾಸ್ತಿ ಹೇಳಿದ.

ಸೇತುವೆ. ಈಚೆ ಪೋರ್ಚುಗಲ್, ಆಚೆ ಸ್ಪೇನು.
ಕಾವಲು ಗೂಡಿನ ಕಿಟಕಿಗೆ ಗಾಜಿಲ್ಲ,
ಒಳಗೆ ಕವಲುತೋಕೆಗಳ ಸಂಸಾರ.
ನಿಲ್ಲಿಸು, ಅಂದಳು.
ಯಾರೂ ಇಲ್ಲವಲ್ಲ?
ಇರಲಿ. ಕೇಳುವವರಿಲ್ಲದೆ ದಾಟುವುದು ನನಗೆ ರೂಢಿಯಿಲ್ಲ.
ಕೆಳಗೆ ನೀರು ನೋಡಿದಳು: ಅದೋ, ಆ ಬಂಡೆಯ ಹತ್ತಿರ.
ಎದೆಮಟ್ಟ. ಅಪ್ಪ ಮುಂದೆ, ನಾನು ಹಿಂದೆ,
ತಲೆಯ ಮೇಲೆ ಹತ್ತು ಕಿಲೋ ಕಾಫಿ.
ಹದಿನಾಲ್ಕು ತುಂಬಿರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತ
ನಲವತ್ತು ವರ್ಷ ನೋಡಿದ ಕೋಟೆ ಇದು,
ಹೆಬ್ಬೆರಳಿನಷ್ಟು.
ಈಗ ಅದರ ಬುಡದಲ್ಲಿ ನಾವು ಹೆಬ್ಬೆರಳು.
ಟಿಕೆಟ್ಟಿನ ಹುಡುಗ, ಕಿವಿಗೊಂದು ಓಲೆ,
ಹಿರಿಯರಿಗೆ ಪುಕ್ಕಟೆ ಅಂದ.
ಅತ್ತೆಗೆ ಸಿಟ್ಟು ಬಂತು. ಈ ದಡದಿಂದ
ಪುಕ್ಕಟೆ ಏನನ್ನೂ ಒಯ್ದವಳಲ್ಲ ನಾನು!
ಚೀಲದ ಬಾಯಿ ತೆರೆದಳು: ಕಂದು ಕಾಗದ, ಮೇಲೆ ದಾರ,
ಕಾಲು ಕಿಲೋ.
ಹುಡುಗ ಹಿಂದೆ ಸರಿದ:
ಕಾಫಿ ಕುಡಿದರೆ ನನಗೆ ಎದೆಯುರಿ, ಅಜ್ಜಿ.

ಮೆಟ್ಟಿಲು ಅವಳ ಮಂಡಿಗೆ ಆಗದು.
ಒಬ್ಬಳೇ ಹತ್ತಿದೆ, ನೂರಾ ಹನ್ನೊಂದು.
ಬುರುಜಿನ ನೆತ್ತಿಯಲ್ಲಿ ಕೊಕ್ಕರೆಯ ಗೂಡು,
ಕಡ್ಡಿಗಳ ನಡುವೆ ಒಂದು ನೀಲಿ ಕಾಲುಚೀಲ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ಬೆಟ್ಟದ ಮೇಲೆ ನಿಂತರೆ ನುಣ್ಣಗಿದ್ದದ್ದು ನಮ್ಮೂರು:
ಬಿಳಿ ಗೋಡೆ, ನೀಲಿ ಅಂಚು, ನಮ್ಮ ಹಿತ್ತಿಲು,
ಹಗ್ಗದ ಮೇಲೆ ಬೆಳಗ್ಗೆ ಹರವಿದ ಮೂರು ದುಪ್ಪಟಿ.
ಎಣಿಸಿದೆ. ಮೂರೇ.

ಇಳಿದು ಬಂದಾಗ ಕಟ್ಟೆಯ ಮೇಲೆ ಅತ್ತೆ,
ಹುಡುಗನಿಗೆ ಕಲ್ಲಂಗಡಿ ಕುಯ್ದು ಕೊಡುತ್ತಿದ್ದಳು.
ಮನೆ ಕಂಡಿತಾ?
ಕಂಡಿತು. ಒಗೆದ ಬಟ್ಟೆ ಕೂಡ.
ಚಾಕು ನಿಂತಿತು.
ಹೊಳೆ?
ಬಂಡೆಯ ಸಮೇತ.
ಬಹಳ ಹೊತ್ತು ಬೀಜ ಹೆಕ್ಕುತ್ತ ಕೂತಳು.
ಹಾಗಾದರೆ ಕಾವಲಿನವರಿಗೆ ನಾವೂ ಕಾಣುತ್ತಿದ್ದೆವು.
ಬೆಳದಿಂಗಳಲ್ಲಂತೂ...
ಅಪ್ಪ ಬಹಳ ಜಾಣ ಅಂದುಕೊಂಡಿದ್ದೆ.

ವಾಪಸು ಬರುವಾಗ ಮತ್ತೆ ಸೇತುವೆ, ಮತ್ತೆ ನಿಲ್ಲಿಸು.
ತಾನೇ ಇಳಿದಳು, ಕಾರಿನ ಮೈ ಹಿಡಿದು ಹಿಡಿದು ನಡೆದು
ಗಾಜಿಲ್ಲದ ಕಿಟಕಿಯ ಹಾಸಿನ ಮೇಲೆ
ಪೊಟ್ಟಣ ಇಟ್ಟಳು.
ಒಳಗೆ ಮರಿಗಳು ಬಾಯಿ ತೆರೆದವು, ಅದು ತಮಗೇ ಅಂತ.

ದುಪ್ಪಟಿಗೆ ಇಬ್ಬನಿ ಹಿಡಿದಿತ್ತು.
ದೀಪ ಹಾಕಿ, ಅಡುಗೆಮನೆಯ ಪರದೆ ಎಳೆಯಲು ಹೋದೆ.
ಬಿಡು, ಅಂದಳು,
ಹಾಗೇ ಇರಲಿ.